ಕೋವಿಯ ತುಕ್ಕೂ ಕುದಿನೀರೂ

ದೇಹೂ ರೋಡಿನಲ್ಲಿ ನೆಲೆಸಿರುವ ನಮಗೆ ಮದ್ದುಗುಂಡಿನ ಮಾತು ಹೊಸದಲ್ಲ. ಸೇನೆಯ ಡಿಪೋಗಳು ಊರಲ್ಲೇ ಇವೆ. ಲೋಕಲ್ ಹತ್ತಿದರೆ ಸಿಗುವ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆ ಇದೆ. ಅಲ್ಲಿ ತಯಾರಾದ .303 ತೋಟೆಗಳ ಬುಡದಲ್ಲಿ ‘ಕೆ.ಎಫ್.’ ಮುದ್ರೆ ಇರುತ್ತಿತ್ತು. ಆದರೆ ಗುಂಡು ಹಾರಿಸಿದ ಮೇಲೆ ಕೋವಿಯನ್ನು ಕಾಪಾಡುತ್ತಿದ್ದುದು ಅಡುಗೆಮನೆಯಲ್ಲೇ ಸಿಗುವ ವಸ್ತು: ಕುದಿಯುವ ನೀರು!

ಕಬ್ಬಿಣಕ್ಕೆ ನೀರು ಶತ್ರುವಲ್ಲವೆ ಎಂದು ಕೇಳಬಹುದು. ಹಳೆಯ ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದದ್ದು ಇದ್ದಿಲು ಮತ್ತು ಗಂಧಕ. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಎಳೆದುಕೊಂಡು ತುಕ್ಕು ಹಿಡಿಸುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಬಿಸಿನೀರು, ಬಳಿಕ ಒಣಬಟ್ಟೆ, ಕೊನೆಗೆ ಎಣ್ಣೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದರೂ ತುಕ್ಕು ತಪ್ಪಲಿಲ್ಲ. ಸಿಪಾಯಿಗಳು ಆಲಿಕೆಯಿಟ್ಟು .303 ರೈಫಲಿನ ನಳಿಗೆಗೆ ಕುದಿನೀರು ಸುರಿದು, ಹಗ್ಗಕ್ಕೆ ಕಟ್ಟಿದ ಬಟ್ಟೆ ಎಳೆದು ಒರೆಸಿ, ಎಣ್ಣೆ ಹಚ್ಚುತ್ತಿದ್ದರು. ಆ ಹಗ್ಗವೂ ಎಣ್ಣೆಯ ಪುಟ್ಟ ಕುಪ್ಪಿಯೂ ರೈಫಲಿನ ಹಿಂಬದಿಯ ಮರದೊಳಗೇ ಇರುತ್ತಿದ್ದವು. ಇದಕ್ಕೆ ಸರಿಯಾದ ಕಾರಣವನ್ನು 1922ರಲ್ಲಿ ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ತೋರಿಸಿಕೊಟ್ಟರು. ದೋಷ ಮದ್ದಿನದಲ್ಲ, ಕಿಡಿ ಹೊತ್ತಿಸುವ ಕೇಪಿನದು. ಅದರಲ್ಲಿನ ಪೊಟ್ಯಾಸಿಯಂ ಕ್ಲೋರೇಟು ಉರಿದು, ನಮ್ಮ ಅಡುಗೆ ಉಪ್ಪಿನ ದಾಯಾದಿಯಾದ ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಎಣ್ಣೆಯ ಪದರದ ಕೆಳಗೂ ಅದು ಕಬ್ಬಿಣವನ್ನು ತಿನ್ನುತ್ತದೆ. ಕೈಗೆ ಗೊತ್ತಿದ್ದುದನ್ನು ಪ್ರಯೋಗಶಾಲೆ ತಡವಾಗಿ ಒಪ್ಪಿತು. ಕ್ಲೋರೇಟ್ ಇಲ್ಲದ ಕೇಪುಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಆ ಬಳಿಕವೇ.

ನಮ್ಮ ನಾಡಿನಲ್ಲಿ ಕೋವಿ ಮನೆಯ ಸದಸ್ಯನಂತಿರುವುದು ಕೊಡಗಿನಲ್ಲಿ. 1861ರಲ್ಲಿ ಕೊಡವರಿಗೆ ದೊರೆತ ಆಯುಧ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿ ಮಾಡಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಜಡಿಮಳೆಯ ಆ ಸೀಮೆಯಲ್ಲಿ ಮಳೆಗಾಲದ ಕೊನೆಗೆ ಆಯುಧವನ್ನು ಹೊರತೆಗೆದು ನೋಡುವ ಏರ್ಪಾಡು ಪೂಜೆಯೂ ಹೌದು, ವಿವೇಕವೂ ಹೌದು.

ನಮ್ಮಲ್ಲಿ ಹಲವರ ಊರಮನೆಯಲ್ಲಿ ಅಜ್ಜನ ಕಾಲದ ಕೋವಿ ಗೋಡೆಗೆ ತೂಗುತ್ತಿರಬಹುದು. ಮಕ್ಕಳು ಪುಣೆ, ಮುಂಬಯಿ ಸೇರಿದ್ದಾರೆ, ನೋಡಿಕೊಳ್ಳುವವರು ಮುದುಕರಾಗಿದ್ದಾರೆ. ಹೊರಗೆ ಸೀಮೆಎಣ್ಣೆ ಸವರಿ ಹೊಳಪು ತಂದರೂ ಒಳಗಿನ ಉಪ್ಪು ಸುಮ್ಮನಿರುವುದಿಲ್ಲ. ತುಕ್ಕು ತಿಂದ ನಳಿಗೆ ಸಿಡಿದರೆ ಹಾರಿಸಿದವನ ಕೈಗೇ ಅಪಾಯ. ಈ ಸಲ ಆಯುಧಪೂಜೆಗೆ ಊರಿಗೆ ಹೋದವರು ಕುಂಕುಮ ಇಡುವ ಮುನ್ನ, ಬಲ್ಲವರಿಂದ ಆ ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯ ಒಳಗನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.