ಘಟ್ಟ ಇಳಿಯುವ ಚಕ್ರ

ಕಳೆದ ಮಳೆಗಾಲ ಹಿಂದೆ ಸರಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಪುಣೆಯ ಸಮೀಪದ ಸಿಂಹಗಡದ ಘಟ್ಟವನ್ನು ಇಳಿಯುತ್ತಿದ್ದ ನಮ್ಮ ಸೈಕಲ್ ತಂಡದ ಗೆಳೆಯರೊಬ್ಬರು ಕೊನೆಯ ತಿರುವಿನಲ್ಲಿ ಬಿದ್ದರು. ಹಿಂದಿನ ಟಯರು ಸಿಡಿದ ಸದ್ದು ಬಹಳ ಹಿಂದೆ ಬರುತ್ತಿದ್ದ ನಮಗೂ ಕೇಳಿಸಿತು. ಅವರ ಕಾಲರ್ ಬೋನ್ ಮುರಿದಿತ್ತು. ಸೈಕಲ್ಲನ್ನು ಎತ್ತಿ ನಿಲ್ಲಿಸಿದಾಗ ಕಂಡದ್ದು ವಿಚಿತ್ರ: ಟಯರನ್ನು ಹಿಡಿದಿಡಬೇಕಾದ ರಿಮ್ಮಿನ ಅಂಚು ಒಂದು ಗೇಣಿನಷ್ಟು ಉದ್ದಕ್ಕೆ ಹೊರಕ್ಕೆ ಉಬ್ಬಿತ್ತು. ಮುಟ್ಟಿದರೆ ಕೈ ಸುಡುತ್ತಿತ್ತು. ಅದು ಕಾರ್ಬನ್ ರಿಮ್. ಸಂಬಳದ ಬಾಕಿ ಕೈಸೇರಿದ ಖುಷಿಯಲ್ಲಿ ಎರಡು ತಿಂಗಳ ಹಿಂದೆ, ಯಾರೋ ಬಳಸಿ ಮಾರಿದ್ದನ್ನು ಕೊಂಡದ್ದು. ರಬ್ಬರಿನ ಗುಟ್ಟಿಗಳು ರಿಮ್ಮನ್ನೇ ಅದುಮಿ ಹಿಡಿಯುವ ಹಳೆಯ ಬಗೆಯ ಬ್ರೇಕು. ಗೆಳೆಯರು ಮುಂದಿನ ಬ್ರೇಕಿಗೆ ಹೆದರಿ, ಮೇಲಿನಿಂದ ಕೆಳಗಿನವರೆಗೂ ಹಿಂದಿನದನ್ನೇ ಬಿಡದೆ ಹಿಡಿದಿದ್ದರು.

ಆಸ್ಪತ್ರೆಯಲ್ಲಿ ಅವರು ಕೇಳಿದ ಪ್ರಶ್ನೆ ಒಂದೇ. ಪಂದ್ಯಕ್ಕೆ ಹೋಗದ, ವಾರಕ್ಕೊಮ್ಮೆ ಘಟ್ಟ ಹತ್ತಿ ಉಳಿದ ದಿನ ಕಚೇರಿಗೆ ಹೋಗಿಬರುವ ತಮ್ಮಂಥವರಿಗೆ ಈ ಚಕ್ರ ಬೇಕಿತ್ತೆ? ಸಾಂತ್ವನಕ್ಕೆಂದು ಆಗ ಏನನ್ನೋ ಹೇಳಿದೆವು. ಸರಿಯಾದ ಉತ್ತರಕ್ಕಾಗಿ ಸೈಕಲ್ ಚಕ್ರದ ಚರಿತ್ರೆಯನ್ನು ತಿರುವಿಹಾಕಬೇಕಾಯಿತು. ಗೆಳೆಯರಿಗಾದದ್ದು ಹೊಸ ಸಂಗತಿಯೇನಲ್ಲವೆಂಬುದು ಅಲ್ಲಿ ತಿಳಿಯಿತು.

1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ, ಕಾಲಿನಿಂದ ನೆಲವನ್ನು ಒದ್ದು ಸಾಗುವ ಯಂತ್ರದ ಚಕ್ರಗಳು ಎತ್ತಿನ ಗಾಡಿಯ ಚಕ್ರಗಳ ಬಂಧುಗಳೇ: ಮರದ ಕಡ್ಡಿ, ಮರದ ಬಳೆ, ಅದರ ಸುತ್ತ ಕಬ್ಬಿಣದ ಪಟ್ಟಿ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪೆಡಲು ಬಂದ ಮೇಲೂ ಚಕ್ರ ಹಾಗೆಯೇ ಇತ್ತು. ಇಂಗ್ಲಿಷರು ಆ ಬಂಡಿಯನ್ನು ‘ಎಲುಬು ಕುಲುಕುವ ಯಂತ್ರ’ವೆಂದು ಕರೆದದ್ದು ಸುಮ್ಮನಲ್ಲ. 1869ರಲ್ಲಿ ಪ್ಯಾರಿಸ್ಸಿನ ಯುಜೀನ್ ಮೇಯರ್ ತಂತಿ ಕಡ್ಡಿಗಳ ಚಕ್ರಕ್ಕೆ ಪೇಟೆಂಟು ಪಡೆದ. 1874ರಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಆ ಕಡ್ಡಿಗಳನ್ನು ಹಬ್‌ನಿಂದ ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ ಹೆಣೆದ. ಗಾಡಿಯ ಚಕ್ರದಲ್ಲಿ ಭಾರವು ಕೆಳಗಿನ ಕಡ್ಡಿಯನ್ನು ಅದುಮಿ ನಿಲ್ಲುತ್ತದೆ. ತಂತಿಯನ್ನು ಅದುಮಿದರೆ ಅದು ಬಾಗಿಹೋಗುತ್ತದೆ. ಆದ್ದರಿಂದ ಎಲ್ಲ ತಂತಿಗಳನ್ನೂ ಮೊದಲೇ ಬಿಗಿಯಾಗಿ ಎಳೆದಿಟ್ಟು, ರಿಮ್ಮಿನ ಬಳೆಯನ್ನು ಸುತ್ತಲಿಂದ ಒಳಕ್ಕೆ ಜಗ್ಗುವುದು ಇಲ್ಲಿಯ ಉಪಾಯ. ನಮ್ಮ ಮೂಲೆಯಂಗಡಿಯಲ್ಲಿ ನಿಪ್ಪಲ್ ತಿರುಗಿಸಿ ‘ಬೆಂಡ್ ತೆಗೆಯುವ’ ಕಸುಬುದಾರನು ಮಾಡುವುದು ಈ ಜಗ್ಗಾಟದ ಸಮತೂಕವನ್ನೇ. ಇಂದಿನ ಬಹುಪಾಲು ಕಾರ್ಬನ್ ಚಕ್ರಗಳಲ್ಲಿಯೂ ಕಡ್ಡಿಗಳ ಈ ತತ್ತ್ವ ಬದಲಾಗಿಲ್ಲ. ಬದಲಾದದ್ದು ರಿಮ್ಮು.

ಆ ನಡುವೆ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಒಂದು ಘಟನೆ ನಡೆಯಿತು. ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಸುತ್ತಿದ. (ಗಾಳಿ ಟಯರಿಗೆ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟು ಪಡೆದಿದ್ದ, ಅದನ್ನು ಬೇಡುವ ಸೈಕಲ್ಲು ಆಗಿನ್ನೂ ಹುಟ್ಟಿರಲಿಲ್ಲ.) ಡನ್‌ಲಪ್‌ನ ಮುಂದೆ ಇದ್ದದ್ದು ಪಂದ್ಯವಲ್ಲ, ಕಲ್ಲುಹಾಸಿನ ಬೀದಿಯಲ್ಲಿ ಕುಲುಕಾಡುವ ಒಂದು ಮಗು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಟಯರಿನ ಮೇಲೆ ಕುಳಿತು ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಗೆದ್ದ ಮೇಲೆಯೇ ಜಗತ್ತು ಅದರತ್ತ ತಿರುಗಿ ನೋಡಿತು. ಚಕ್ರದ ಚರಿತ್ರೆಯ ಅತಿ ದೊಡ್ಡ ಲಾಭವು ದಿನದ ಸವಾರಿಯಲ್ಲಿ ಹುಟ್ಟಿ ಪಂದ್ಯಕ್ಕೆ ಹೋಯಿತು. ಕಾರ್ಬನ್ ರಿಮ್ಮು ಬಂದದ್ದು ಇದಕ್ಕೆ ಸರಿಯಾಗಿ ಎದುರು ದಿಕ್ಕಿನಿಂದ. ನಮ್ಮ ಗೆಳೆಯರ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ಸೈಕಲ್ ರಿಮ್ಮಿಗೆ ಬಹುಕಾಲ ಎರಡು ಕೆಲಸ: ಟಯರನ್ನು ಹೊರುವುದು ಒಂದು, ಬ್ರೇಕಿನ ಉಜ್ಜಾಟವನ್ನು ತಾಳಿಕೊಳ್ಳುವುದು ಇನ್ನೊಂದು. ಎರಡನೆಯದರ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವನು, 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಕರ್ತ ಆನ್ರಿ ದೆಗ್ರಾಂಜ್. ಅವನ ಹಟಗಳು ಪ್ರಸಿದ್ಧ. ಗೇರು ಬದಲಿಸುವ ಡಿರೇಲರನ್ನು ಅವನು ಬಹುಕಾಲ ಒಳಕ್ಕೆ ಬಿಡಲಿಲ್ಲ. ಲೋಹದ ರಿಮ್ಮನ್ನೂ ಬಿಡಲಿಲ್ಲ. ಮರದ ರಿಮ್ಮೇ ಆಗಬೇಕು. ಮೊದಲನೆಯ ನಿಷೇಧವನ್ನು ಮುದುಕನ ಮೊಂಡುತನವೆಂದು ನಗಬಹುದು. ಎರಡನೆಯದಕ್ಕೆ ಮಾತ್ರ ಕಾರಣವಿತ್ತು. ಆ ಕಾಲದ ಪಂದ್ಯದ ಟಯರನ್ನು ರಿಮ್ಮಿಗೆ ಅಂಟಿನಿಂದ ಅಂಟಿಸುತ್ತಿದ್ದರು. ಆಲ್ಪ್ಸ್‌ನ ಉದ್ದ ಇಳಿಜಾರುಗಳಲ್ಲಿ ಬ್ರೇಕಿನ ಶಾಖದಿಂದ ಲೋಹ ಕಾದು, ಅಂಟು ಕರಗಿ, ಟಯರು ಕಳಚಿಕೊಂಡೀತೆಂಬುದು ಅವನ ಭಯ. ಮರಕ್ಕೆ ಶಾಖ ಹರಿಯುವುದಿಲ್ಲ, ಅಂಟು ತಣ್ಣಗಿರುತ್ತದೆ.

ಆದರೆ ಲೋಹ ಕಾಯುತ್ತ ಕೂರಲಿಲ್ಲ. ಅಲ್ಯೂಮಿನಿಯಮ್ಮಿನ ಮಿಶ್ರಲೋಹವಾದ ಡ್ಯುರಾಲ್ಯುಮಿನ್ನಿನಿಂದ ಹಗುರ ರಿಮ್ಮುಗಳು ತಯಾರಾದವು. 1934ರ ಟೂರ್ ಗೆದ್ದ ಆಂತೊನಾಂ ಮಾಞ ಅಂಥ ರಿಮ್ಮಿಗೆ ಮರದ ಬಣ್ಣ ಬಳಿದು, ಅಧಿಕಾರಿಗಳ ಕಣ್ಣು ತಪ್ಪಿಸಿ ಓಡಿಸಿದನೆಂಬುದು ಸೈಕಲ್ ಲೋಕದ ಪ್ರಸಿದ್ಧ ಕಥೆ. ಮುಂದಿನ ವರ್ಷ, 1935ರಲ್ಲಿ, ಸ್ಪೇನಿನ ಫ್ರಾನ್ಸಿಸ್ಕೊ ಸೆಪೆಡಾ ಗಾಲಿಬಿಯೇ ಕಣಿವೆಯ ಇಳಿಜಾರಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ಗ್ರೆನೋಬಲ್ ನಗರದಲ್ಲಿ ತೀರಿಕೊಂಡ. ಟೂರ್ ಪಂದ್ಯದಲ್ಲಿ ಸವಾರಿ ಮಾಡುತ್ತಲೇ ಬಿದ್ದು ಸತ್ತ ಮೊದಲ ಸವಾರ ಅವನು. ಹೊಸ ಲೋಹದ ರಿಮ್ಮು ಕಾದು ಟಯರು ಕಳಚಿತೆಂಬ ವಿವರಣೆ ಅವನ ಹೆಸರಿನೊಡನೆ ಇಂದಿಗೂ ಅಂಟಿಕೊಂಡಿದೆ. ದೆಗ್ರಾಂಜ್ ನಿವೃತ್ತನಾದ ಬಳಿಕ, 1937ರಲ್ಲಿ, ಲೋಹದ ರಿಮ್ಮಿಗೂ ಡಿರೇಲರಿಗೂ ಒಟ್ಟಿಗೇ ಬಾಗಿಲು ತೆರೆಯಿತು. ಇಂದು ಕಾರ್ಬನ್ನಿನ ಎದುರು ‘ಕಾದರೂ ಕೆಡದ ಹಳೆಯ ನಂಬಿಕಸ್ಥ’ ಎಂದು ನಾವು ಯಾವ ಅಲ್ಯೂಮಿನಿಯಮ್ಮನ್ನು ಹೊಗಳುತ್ತೇವೆಯೋ, ಅದರ ಮೇಲೆಯೇ ಒಂದು ಕಾಲಕ್ಕೆ ಇದೇ ಆರೋಪವಿತ್ತು. ಗೆಳೆಯರಿಗೆ ಈ ಸಂಗತಿಯನ್ನು ಹೇಳಿದಾಗ, ನೋವಿನಲ್ಲಿಯೂ ಅವರು ನಕ್ಕರು.

ಭಾರತದ ಮಟ್ಟಿಗೆ ರಿಮ್ಮೆಂದರೆ ಉಕ್ಕು. 1950ರ ದಶಕದಿಂದ ಲುಧಿಯಾನಾ, ಸೋನಿಪತ್, ಮದರಾಸಿನ ಅಂಬತ್ತೂರುಗಳ ಕಾರ್ಖಾನೆಗಳಿಂದ ಹೊರಬಂದ ಕರಿಯ ಸೈಕಲ್ಲುಗಳಿಗೆ ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮು. ಮುಂದೆ 32, ಹಿಂದೆ 40 ಕಡ್ಡಿ. ಸರಳಿನ ಬ್ರೇಕು, ಅದರ ಗುಟ್ಟಿಗಳು ರಿಮ್ಮಿನ ಒಳಮೈಯನ್ನು ಅದುಮುವಂಥವು. ಮಳೆಯಲ್ಲಿ ಆ ಬ್ರೇಕು ಹಿಡಿಯುತ್ತಿರಲಿಲ್ಲವೆಂಬುದು ನಮ್ಮ ತಲೆಮಾರಿನ ಮೊಣಕಾಲುಗಳಿಗೆ ಚೆನ್ನಾಗಿ ಗೊತ್ತು. ಆದರೆ ಆ ರಿಮ್ಮಿಗೆ ಸಾವಿರಲಿಲ್ಲ. ಗುಂಡಿಗೆ ಬಿದ್ದು ಡೊಂಕಾದರೆ ಬಡಿದು ನೇರ ಮಾಡುತ್ತಿದ್ದರು. ತೀರ ಕೆಟ್ಟರೆ ಮಕ್ಕಳು ಅದನ್ನು ಕೋಲಿನಿಂದ ಉರುಳಿಸಿಕೊಂಡು ಊರೆಲ್ಲ ಓಡುತ್ತಿದ್ದರು.

ಕಾರ್ಬನ್ ಎಳೆಯ ತವರು ಸೈಕಲ್ಲಲ್ಲ, ವಿಮಾನ. 1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾದಲ್ಲಿಯೂ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿಯೂ ಅದನ್ನು ಬಳಕೆಗೆ ತರುವ ದಾರಿ ತೆರೆಯಿತು. ಎಳೆಯನ್ನು ಉದ್ದಕ್ಕೆ ಎಳೆದರೆ ಅದು ಉಕ್ಕನ್ನು ನಾಚಿಸುತ್ತದೆ. ಅಡ್ಡಲಾಗಿ ಬಡಿದರೆ ಕಥೆ ಬೇರೆ. ಎಳೆಗಳನ್ನು ಹಿಡಿದಿಟ್ಟಿರುವುದು ರಾಳದ ಅಂಟು, ಅದಕ್ಕೆ ಪೆಟ್ಟೂ ಆಗದು, ಶಾಖವೂ ಆಗದು. ರೋಲ್ಸ್ ರಾಯ್ಸ್ ಸಂಸ್ಥೆ ತನ್ನ ಆರ್‌ಬಿ 211 ಎಂಜಿನಿನ ಬೀಸಣಿಗೆಯ ಅಲಗುಗಳನ್ನು ಕಾರ್ಬನ್ನಿನಲ್ಲಿ ಮಾಡಲು ಹೊರಟಾಗ, ಹಕ್ಕಿ ಬಡಿದರೆ ತಾಳುವುದೇ ಎಂಬ ಪರೀಕ್ಷೆಯಲ್ಲಿ ಅವು ನುಚ್ಚುನೂರಾದವು, ಟೈಟಾನಿಯಮ್ಮಿಗೆ ಮರಳಬೇಕಾಯಿತು. 1971ರಲ್ಲಿ ಆ ಸಂಸ್ಥೆ ದಿವಾಳಿಯಾದದ್ದರ ಹಿಂದೆ ಈ ಎಂಜಿನಿನ ವೆಚ್ಚವೇ ಮುಖ್ಯವಾಗಿತ್ತು.

ಸೈಕಲ್ಲಿನ ಚಕ್ರಕ್ಕೆ ಈ ವಸ್ತು ಹತ್ತಿರವಾದದ್ದು ಗಾಳಿಯೊಡನೆ ಜಗಳಕ್ಕೆ ನಿಂತಾಗ. 1984ರ ಜನವರಿಯಲ್ಲಿ ಇಟಲಿಯ ಫ್ರಾಂಚೆಸ್ಕೊ ಮೋಸರ್ ಮೆಕ್ಸಿಕೊ ನಗರದ ಟ್ರ್ಯಾಕಿನಲ್ಲಿ, ಕಡ್ಡಿಗಳೇ ಕಾಣದ ತಟ್ಟೆಯಂಥ ಚಕ್ರಗಳ ಮೇಲೆ, ಒಂದು ಗಂಟೆಯಲ್ಲಿ 51.151 ಕಿಲೋಮೀಟರ್ ಸಾಗಿದ. 1972ರಿಂದ ಅಳಿಯದೆ ನಿಂತಿದ್ದ ಎಡ್ಡಿ ಮರ್ಕ್ಸ್‌ನ 49.431ರ ದಾಖಲೆ ಮೂಲೆ ಸೇರಿತು. 1989ರ ಟೂರ್ ಪಂದ್ಯದಲ್ಲಿ ಗ್ರೆಗ್ ಲೆಮಾಂಡ್, ಮುಂದಕ್ಕೆ ಚಾಚಿದ ಹ್ಯಾಂಡಲಿನ ನೆರವಿನಿಂದ, ಲೋರಾಂ ಫಿನ್ಯೋನನ್ನು ಬರಿಯ 8 ಸೆಕೆಂಡುಗಳ ಅಂತರದಲ್ಲಿ ಸೋಲಿಸಿದ ಮೇಲಂತೂ ಗಾಳಿಯನ್ನು ಸೀಳುವುದೇ ಸೈಕಲ್ ತಯಾರಕರ ಧ್ಯಾನವಾಯಿತು. ರಿಮ್ಮಿನ ಅಡ್ಡಕೊಯ್ತ ಆಳವಾಗುತ್ತ ಹೋಯಿತು. ಆಳವಾದ ರಿಮ್ಮನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರೆ ಭಾರ; ಕಾರ್ಬನ್ನಿನಲ್ಲಿ ಮಾಡಿದರೆ ಹಗುರ. ಇಷ್ಟೇ ಅದರ ಜನ್ಮರಹಸ್ಯ.

ಈ ಲಾಭದಲ್ಲಿ ನಮ್ಮಂಥವರ ಪಾಲೆಷ್ಟು? ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 45 ಕಿಲೋಮೀಟರ್ ಓಡುವವನಿಗೆ ಉಳಿಯುವ ಶಕ್ತಿಯಲ್ಲಿ, ಅದರ ಅರ್ಧ ವೇಗದಲ್ಲಿ ಹೋಗುವವನಿಗೆ ದಕ್ಕುವುದು ಎಂಟನೆಯ ಒಂದು ಭಾಗ ಮಾತ್ರ. ಅದೂ ಚಕ್ರದ ಪಾಲಿನದು. ಗಾಳಿಗೆ ಹೆಚ್ಚು ಅಡ್ಡ ನಿಲ್ಲುವುದು ಚಕ್ರವಲ್ಲ, ಸವಾರನ ಮೈ. ತೂಕದ ಲೆಕ್ಕವೂ ಹೀಗೆಯೇ. ಸೈಕಲ್ಲು, ಸವಾರ ಸೇರಿ 85 ಕಿಲೋ. ಚಕ್ರದಲ್ಲಿ 300 ಗ್ರಾಂ ಉಳಿಸಿದರೆ, 45 ನಿಮಿಷದ ಏರಿನಲ್ಲಿ ಉಳಿಯುವುದು ಹತ್ತು ಸೆಕೆಂಡು. ಗಡದ ಮೇಲೆ ಪಿಠ್ಲೆ–ಭಾಕರಿಗೆ ಕಾಯುವ ಹೊತ್ತು ಇದಕ್ಕಿಂತ ಹೆಚ್ಚು. ತಿರುಗುವ ತೂಕ ಎರಡರಷ್ಟು ಲೆಕ್ಕಕ್ಕೆ ಬರುತ್ತದೆಂಬ ಮಾತು ವೇಗ ಹೆಚ್ಚಿಸುವ ಕ್ಷಣಕ್ಕಷ್ಟೇ ನಿಜ. ಒಂದೇ ವೇಗದಲ್ಲಿ ಹತ್ತುವಾಗ ಗ್ರಾಂ ಎಂದರೆ ಗ್ರಾಮೇ. ಸೈಕಲ್ ಜಾಹೀರಾತಿನ ಚಿತ್ರಗಳಲ್ಲಿ ಸವಾರನಿಗೆ ಶ್ರಮವೇ ಇರುವುದಿಲ್ಲವೆಂದು ಜೆರೋಮ್ ಕೆ. ಜೆರೋಮ್ 1900ರ ‘ತ್ರೀ ಮೆನ್ ಆನ್ ದ ಬಮ್ಮೆಲ್’ ಕೃತಿಯಲ್ಲಿಯೇ ಗೇಲಿ ಮಾಡಿದ್ದ.

ಇನ್ನು ಇಳಿಜಾರಿನ ಲೆಕ್ಕ. ಅದೇ 85 ಕಿಲೋ ಐನೂರು ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ವೇಗವಾಗಿ ಇಳಿಯುವವನ ಶಕ್ತಿಯನ್ನು ಗಾಳಿಯೇ ನುಂಗುತ್ತದೆ. ಹೆದರಿ ನಿಧಾನ ಇಳಿಯುವವನದು ಹೆಚ್ಚುಕಡಿಮೆ ಪೂರ್ತಿಯಾಗಿ ರಿಮ್ಮಿಗೆ ಸೇರುತ್ತದೆ. ಅಲ್ಯೂಮಿನಿಯಮ್ ಆ ಶಾಖವನ್ನು ಸುತ್ತಲೂ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ರಿಮ್ಮಿನ ರಾಳ ಅದನ್ನು ಇದ್ದಲ್ಲೇ ಹಿಡಿದುಕೊಂಡು ಮೆತ್ತಗಾಗುತ್ತದೆ. ಒಳಗಿನ ಗಾಳಿಯ ಒತ್ತಡ ಅಂಚನ್ನು ಹೊರಕ್ಕೆ ದೂಡುತ್ತದೆ. ಪಂದ್ಯದ ನುರಿತ ಸವಾರ ತಿರುವಿನ ಮುಂಚೆ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡುತ್ತಾನೆ. ಬ್ರೇಕನ್ನು ಎಡೆಬಿಡದೆ ಹಿಡಿಯುವವನು ನಮ್ಮ ನಿಮ್ಮಂಥ ಸಾಮಾನ್ಯನೇ. ಹೀಗಾಗಿ ಆ ಚಕ್ರದ ಲಾಭ ನುರಿತವನಿಗೆ, ಅಪಾಯ ನುರಿಯದವನಿಗೆ. ಮಳೆಯಲ್ಲಿ ಅಪ್ಪನ ಕಾಲದ ಉಕ್ಕಿನ ರಿಮ್ಮಿನಂತೆ ಇದೂ ಜಾರುತ್ತದೆ. ಇದಕ್ಕೆಂದೇ ಬೇರೆ ಗುಟ್ಟಿಗಳು ಬೇಕು.

ಈ ಆರೋಪವನ್ನು ಬಗೆಹರಿಸಿದ್ದು ರಿಮ್ಮಲ್ಲ, ಡಿಸ್ಕ್ ಬ್ರೇಕು. ಉಜ್ಜಾಟವನ್ನು ಅದು ಹಬ್‌ನ ಪಕ್ಕದ ಉಕ್ಕಿನ ಬಿಲ್ಲೆಗೆ ವರ್ಗಾಯಿಸಿತು. 2018ರಲ್ಲಿ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ ರಸ್ತೆಯ ಪಂದ್ಯಗಳಿಗೂ ಅದನ್ನು ಪೂರ್ಣವಾಗಿ ಒಪ್ಪಿತು. ಡಿಸ್ಕ್ ಬ್ರೇಕಿರುವ ಸೈಕಲ್ಲಿಗೆ ಒಳ್ಳೆಯ ಕಾರ್ಬನ್ ಚಕ್ರ ಹಾಕಿಕೊಂಡವರನ್ನು ನಾವು ಹೆದರಿಸಲಾರೆವು. ಹಾಗೆಂದು ಎಲ್ಲ ತಕರಾರೂ ಮುಗಿಯಲಿಲ್ಲ. ತಯಾರಿಕೆ ಸುಲಭವಾಗಲೆಂದು ಟಯರನ್ನು ಕಚ್ಚಿ ಹಿಡಿಯುವ ಕೊಕ್ಕೆಯನ್ನೇ ಬಿಟ್ಟು ಮಾಡಿದ ರಿಮ್ಮುಗಳು ಬಂದವು. 2024ರ ಫೆಬ್ರುವರಿಯಲ್ಲಿ ಯುಎಇ ಟೂರ್ ಪಂದ್ಯದಲ್ಲಿ ಥಾಮಸ್ ಡಿ ಗೆಂಟ್‌ನ ಟಯರು ಅಂಥ ರಿಮ್ಮಿನಿಂದ ಕಳಚಿಕೊಂಡಾಗ ಸವಾರರ ಸಂಘವೇ ಪ್ರಶ್ನೆ ಎತ್ತಿತು. ಹೆದ್ದಾರಿಯಲ್ಲಿ ಲಾರಿ ಪಕ್ಕ ಹಾಯ್ದಾಗ ಆಳವಾದ ರಿಮ್ಮು ಗಾಳಿಪಟದಂತೆ ಓಲಾಡುವುದು ಇನ್ನೊಂದು. ಇನ್ನು ನಮ್ಮ ರಸ್ತೆಗುಂಡಿಗಳು: ಅಲ್ಯೂಮಿನಿಯಮ್ ಡೊಂಕಾಗಿ ತನ್ನ ಗಾಯವನ್ನು ತೋರಿಸುತ್ತದೆ, ಕಾರ್ಬನ್ ಒಳಗೇ ಬಿರಿದು ಹೊರಗೆ ನುಣುಪಾಗಿಯೇ ಉಳಿಯಬಹುದು. ಬಳಸಿ ಮಾರಿದ ರಿಮ್ಮಿನ ಪೂರ್ವಾಶ್ರಮ ಯಾರಿಗೆ ಗೊತ್ತು?

ಆದ್ದರಿಂದ ನಾವು ಗೆಳೆಯರಿಗೆ ಹೇಳಿದ್ದು ಹೀಗೆ: ರಿಮ್ಮನ್ನೇ ಹಿಡಿಯುವ ಬ್ರೇಕಿದ್ದು, ಘಟ್ಟ ಇಳಿಯುವವರಾದರೆ ಕಾರ್ಬನ್ ಬೇಡ. ಡಿಸ್ಕ್ ಬ್ರೇಕಿದ್ದು, ಬಯಲಿನಲ್ಲಿ ಗಂಟೆಗೆ 35ರ ಮೇಲೆ ಓಡುವ ಶಕ್ತಿ ಕಾಲಿನಲ್ಲಿದ್ದರೆ ಕೊಳ್ಳಬಹುದು. ಇವೆರಡರ ನಡುವೆ ಇರುವವರು ಮೊದಲು ಡನ್‌ಲಪ್‌ನ ದಾರಿ ಹಿಡಿದು ಒಳ್ಳೆಯ ಟಯರಿಗೆ ದುಡ್ಡು ಹಾಕಲಿ. 23 ಮಿಲಿಮೀಟರಿನ ಬದಲು 28ರದು, ಸ್ವಲ್ಪ ಕಡಿಮೆ ಗಾಳಿ. ‘ಇದನ್ನೇ ಎರಡು ತಿಂಗಳ ಹಿಂದೆ ಹೇಳಬಾರದಿತ್ತೇ’ ಎಂದರು. ಆಗ ನಮಗೂ ಗೊತ್ತಿರಲಿಲ್ಲ. ಆ ಚಕ್ರವನ್ನು ಮೊದಲು ಕಂಡಾಗ ಬೆರಳಿನಿಂದ ತಟ್ಟಿ, ಆ ಟೊಳ್ಳು ನಾದಕ್ಕೆ ತಲೆದೂಗಿದವರು ನಾವೇ.

ಈಗ ಅವರ ಹಳೆಯ ಹಬ್‌ಗಳಿಗೆ ಅಲ್ಯೂಮಿನಿಯಮ್ ರಿಮ್ಮು ಕೂರಿಸಿ, 32 ಕಡ್ಡಿ ಹೆಣೆಸಿಯಾಗಿದೆ. ಉಬ್ಬಿದ ರಿಮ್ಮು ಬಾಲ್ಕನಿಯಲ್ಲಿ ತುಳಸಿಯ ಕುಂಡದ ಹಿಂದಿದೆ. ಮೊನ್ನೆ ಅವರ ಮಗ ಅದನ್ನು ಕೋಲಿನಿಂದ ಉರುಳಿಸಲು ನೋಡಿದನಂತೆ. ಹಗುರವಾದ್ದರಿಂದ ನಾಲ್ಕು ಮಾರು ಓಡಿ ಅಡ್ಡಬಿತ್ತು.