ಬಿಸಿಯಿಲ್ಲದ ಬಿಸಿಲು

ರಾಯಚೂರಿನ ನಮ್ಮ ಮನೆಯಲ್ಲಿ ಬಿಸಿಲು ಎಂಬ ಮಾತು ದಿನಕ್ಕೆ ಹತ್ತಿಪ್ಪತ್ತು ಸಲ ಬರುತ್ತಿತ್ತು. ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ಎಚ್ಚರಿಕೆ ಇರುತ್ತಿತ್ತು. ಬಿಸಿಲಾಗ ತಿರುಗಬ್ಯಾಡ. ಬಿಸಿಲು ಬಡದೀತು. ಬಿಸಿಲು ಏರೂದ್ರೊಳಗ ಸಂತಿ ಮುಗಿಸ್ಕೊಂಡು ಬಾ. ಮನೆಗೆ ಯಾರೇ ಬರಲಿ, 'ಬಿಸಿಲಾಗ ಬಂದೀರಿ, ನೀರು ಕುಡೀರಿ' ಎಂದ ಮೇಲೆಯೇ ಉಳಿದ ಮಾತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡು ನಮ್ಮದು. ಎರಡು ಹೊಳೆ ಮಗ್ಗುಲಲ್ಲಿದ್ದೂ ಬಿಸಿಲನಾಡು ಎಂದೇ ಹೆಸರು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಅಲ್ಲಿ ಅದು ಸುದ್ದಿಯೇ ಅಲ್ಲ.

ಅಲ್ಲಿ ಬಿಸಿಲಿಗೆ ಹಾಕುತ್ತಿದ್ದದ್ದು ಸಾಮಾನುಗಳನ್ನು. ಮಾಳಿಗೆಯ ಮೇಲೆ ಒಣಮೆಣಸಿನಕಾಯಿ, ಸಂಡಿಗೆ, ಹಪ್ಪಳ, ಹಾಸಿಗೆ, ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿ. ಸಾಮಾನು ಬಿಸಿಲಿಗೆ, ಮನುಷ್ಯರು ನೆರಳಿಗೆ. ನಾನು ಕಂಡ ಬಿಸಿಲಿನ ವ್ಯಾಕರಣ ಇಷ್ಟೇ ಇತ್ತು.

ಪದದ ಹುಟ್ಟೂ ಅದನ್ನೇ ಹೇಳುತ್ತದೆ. ಬಿಸಿ, ಬೇಗೆ, ಬೇಯು, ಬೇಸಗೆ ಎಲ್ಲ ಒಂದೇ ಬೇರಿನ ಕುಡಿಗಳು. ಹಳಗನ್ನಡದ ಬಿಸಿಲ್ ಅದೇ ಮನೆಯದು, ತಮಿಳಿನ ವೆಯಿಲ್ ಕೂಡ. ಕನ್ನಡ ಸೂರ್ಯನನ್ನು ಮೊದಲು ಮೈಯಿಂದ ಅರಿತಿತು, ಆಮೇಲೆ ಕಣ್ಣಿನಿಂದ. ಕಣ್ಣಿಗಾದರೆ ಬೆಳಕು ಎಂಬ ಬೇರೆ ಪದವೇ ಇದೆ. ಬಿಸಿಲಿನಲ್ಲೂ ಎಷ್ಟು ಬಗೆ! ಎಳೆಬಿಸಿಲು, ಹೂಬಿಸಿಲು, ಬಿರುಬಿಸಿಲು, ಸುಡುಬಿಸಿಲು, ರಣಬಿಸಿಲು. ಕಾದ ನೆಲದ ಮೇಲೆ ನೀರಿನಂತೆ ಹೊಳೆದು ಓಡುವುದು ಬಿಸಿಲ್ಗುದುರೆ. ಹೂವಿನಿಂದ ರಣದವರೆಗೆ ಇಷ್ಟು ಮೆಟ್ಟಿಲು ಕಟ್ಟಿದವರಿಗೂ ತಣ್ಣನೆಯ ಬಿಸಿಲಿಗೆ ಒಂದು ಹೆಸರಿಡುವ ಪ್ರಮೇಯ ಬಂದಿರಲಿಲ್ಲ.

ನನಗೆ ಬಂತು. ಗ್ಲಾಸ್ಗೋಗೆ ಬಂದಿಳಿದದ್ದು ಒಂದು ಸೆಪ್ಟೆಂಬರಿನಲ್ಲಿ. ಸ್ವೆಟರು, ಉಣ್ಣೆಯ ಕಾಲುಚೀಲ, ಕುಲಾವಿ ಎಂದು ಚಳಿಗೆ ಬೇಕಾದದ್ದನ್ನೆಲ್ಲ ಪೆಟ್ಟಿಗೆ ತುಂಬಿ ತಂದಿದ್ದೆ. ಆದರೆ ಇಲ್ಲಿನ ಚಳಿ ಅಂಥ ದೊಡ್ಡದಲ್ಲ. ಅಟ್ಲಾಂಟಿಕ್ ಕಡೆಯಿಂದ ಬೀಸುವ ಪಡುವಣ ಗಾಳಿ ಊರನ್ನು ತೀರ ಹೆಪ್ಪುಗಟ್ಟಲು ಬಿಡುವುದಿಲ್ಲ. ಮೋಡವನ್ನು ಹೊತ್ತು ತರುವುದೂ ಅದೇ ಗಾಳಿ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆ ಸಂಜೆ ಐದಕ್ಕೆಲ್ಲ ದೀಪ ಹಾಕಬೇಕು. ಡಿಸೆಂಬರ್ 21ರ ಆಸುಪಾಸಿಗೆ ಹೊತ್ತು ಮೂಡುವುದು ಬೆಳಿಗ್ಗೆ ಎಂಟೂ ಮುಕ್ಕಾಲಿಗೆ, ಮುಳುಗುವುದು ಮಧ್ಯಾಹ್ನ ಮೂರೂ ಮುಕ್ಕಾಲಿಗೆ. ಏಳು ಗಂಟೆಯ ಹಗಲು. ರಾಯಚೂರಿನ ಅತಿ ಗಿಡ್ಡ ಹಗಲಿಗೂ 11 ಗಂಟೆ ಇದೆ. ಈ ಏಳು ಗಂಟೆಯೂ ಬಹುಪಾಲು ದಿನ ಒಲೆಯ ಬೂದಿಯ ಬಣ್ಣ. ಇಡೀ ಡಿಸೆಂಬರ್ ತಿಂಗಳ ಬಿಸಿಲನ್ನು ಕೂಡಿಸಿದರೂ ಸರಾಸರಿ 30ರಿಂದ 40 ಗಂಟೆ ಆದೀತು.

ಅವ್ವ ಫೋನಿನಲ್ಲಿ ದಿನಾ ಕೇಳುತ್ತಿದ್ದಳು: "ಇವತ್ತರ ಬಿಸಿಲು ಬಿತ್ತೇನವಾ?" ಇಲ್ಲವ್ವ ಎನ್ನುತ್ತಿದ್ದೆ. ಬಿಸಿಲಿಲ್ಲ ಎಂದ ಮೇಲೆ ಹೊರಗೇನು ಕೆಲಸ? ಬಾಗಿಲು ಹಾಕಿ, ಹೀಟರಿಗೆ ಬೆನ್ನು ಕೊಟ್ಟು ಕೂತೆ. ಜನವರಿಯ ಹೊತ್ತಿಗೆ ಹಾಸಿಗೆ ಬಿಟ್ಟು ಏಳುವುದೇ ಬೇಡವಾಗಿತ್ತು. ಅನ್ನ ಉಂಡ ಅರ್ಧ ತಾಸಿಗೆ ಮತ್ತೆ ಬ್ರೆಡ್ಡು, ಬಿಸ್ಕತ್ತು. ಅವ್ವನ ಫೋನು ಬಂದರೂ ಎತ್ತದೆ ನೋಡುತ್ತ ಕೂತ ದಿನಗಳಿವೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನನಗೆ ಏನೋ ಆಗಿದೆ ಅನ್ನಿಸಿತ್ತು, ಅದಕ್ಕೊಂದು ಹೆಸರಿದೆ ಎಂದು ತಿಳಿದಿರಲಿಲ್ಲ. ಚಳಿಗಾಲದೊಂದಿಗೆ ಬಂದು ವಸಂತದೊಂದಿಗೆ ಹೋಗುವ ಈ ಕುಸಿತವನ್ನು ನಾರ್ಮನ್ ರೋಸೆಂತಾಲ್ ಮತ್ತು ಜೊತೆಯ ವೈದ್ಯರು ಅಮೆರಿಕದಲ್ಲಿ 1984ರಲ್ಲೇ ವಿವರಿಸಿ ಬರೆದಿದ್ದರು.

ಹೋಗಿ ತೋರಿಸಿದಾಗ ಡಾಕ್ಟರು ಕೇಳಿದರು, ದಿನಾ ಹೊರಗೆ ಹೋಗುತ್ತೀಯಾ? ಬಿಸಿಲೇ ಇಲ್ಲವಲ್ಲ ಎಂದೆ. ನಾನು ಬಿಸಿಲು ಕೇಳಲಿಲ್ಲ, ಹಗಲು ಕೇಳಿದೆ ಎಂದರು ಆಕೆ. ಮೋಡ ಮುಚ್ಚಿದ ನಡುಹಗಲಲ್ಲೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚಂತೆ. ನಮ್ಮೊಳಗಿನ ಗಡಿಯಾರಕ್ಕೆ ಬೇಕಾದದ್ದು ಕಣ್ಣಿಗೆ ಬೀಳುವ ಆ ಬೆಳಕು, ಮೈಗೆ ತಾಗುವ ಕಾವಲ್ಲ. ಬೆಳಿಗ್ಗೆ ಎದ್ದ ಕೂಡಲೆ ಅರ್ಧ ಗಂಟೆ ಎದುರಿಗೆ ಕೂರಲು 10,000 ಲಕ್ಸ್‌ನ ದೀಪವೊಂದನ್ನು ಹೇಳಿದರು. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಇಲ್ಲಿನ ಬಿಸಿಲಿನಲ್ಲಿ ಚರ್ಮ ಡಿ ವಿಟಮಿನ್ ಮಾಡಿಕೊಳ್ಳುವಷ್ಟು ಅತಿನೇರಳೆ ಕಿರಣ ಇರುವುದಿಲ್ಲ, ಅದಕ್ಕೆ ದಿನಕ್ಕೆ 10 ಮೈಕ್ರೋಗ್ರಾಮಿನ ಮಾತ್ರೆ. ನನ್ನಂಥ ಕಪ್ಪು ಮೈಯವರು ವರ್ಷವಿಡೀ ತೆಗೆದುಕೊಂಡರೆ ಒಳ್ಳೆಯದು ಎಂದರು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ಮೂರು ತಿಂಗಳು ನಾನು ಬಿಸಿಯನ್ನು ಕಾಯುತ್ತ, ಬೆಳಕನ್ನು ಬಾಗಿಲಾಚೆಯೇ ನಿಲ್ಲಿಸಿದ್ದೆ. ನನ್ನ ಮಾತಿನಲ್ಲಿ ಎರಡಕ್ಕೂ ಒಂದೇ ಗಂಟು ಬಿದ್ದಿತ್ತು.

ಅಂದಿನಿಂದ ನಡುಹಗಲಿಗೆ ಕೆಲ್ವಿನ್‌ಗ್ರೋವ್ ಉದ್ಯಾನದಲ್ಲಿ ಒಂದು ಸುತ್ತು, ಮಳೆ ಇರಲಿ ಬಿಡಲಿ. ಅಲ್ಲಿ ಸಿಕ್ಕವರೆಲ್ಲ ನಮಸ್ಕಾರದ ಬದಲು ಹೇಳುವ ಪದವೊಂದಿದೆ, 'ಡ್ರೀಖ್'. ಕೊನೆಯ ಅಕ್ಷರವನ್ನು ಗಂಟಲ ಆಳದಿಂದ ಉಜ್ಜಿ ತೆಗೆಯಬೇಕು. ಮಂಕು, ಒದ್ದೆ, ಜಿಟಿಜಿಟಿ, ಮುಗಿಯದ ಬೇಸರ ಎಲ್ಲ ಸೇರಿದ ದಿನ ಅದು. ಸ್ಕಾಟರ ಈ ಮಾತಿಗೆ ಮೊದಲಿದ್ದ ಅರ್ಥ ಉದ್ದವಾದದ್ದು, ಎಳೆದೆಳೆದು ತಾಳ್ಮೆ ತಿನ್ನುವಂಥದ್ದು ಎಂದು. ಹವೆಯ ಅರ್ಥ ಆಮೇಲೆ ಅಂಟಿಕೊಂಡಿತು. ಬಣ್ಣಕ್ಕಿಂತ ಉದ್ದವೇ ಕಷ್ಟ ಎಂಬುದು ಈ ನೆಲದವರಿಗೂ ಗೊತ್ತು ಎಂದು ತಿಳಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು. ಮತ್ತೆ ಏಪ್ರಿಲಿನಲ್ಲಿ ಒಂದು ದಿನ ಆಕಾಶ ತೆರೆದುಕೊಂಡರೆ ಸಾಕು, ಊರಿಗೆ ಊರೇ ಆ ಹುಲ್ಲಿನ ಮೇಲೆ ಬಂದು ಮಲಗುತ್ತದೆ, ಗಂಡಸರು ಅಂಗಿ ಬಿಚ್ಚಿ ಒಗೆಯುತ್ತಾರೆ. ಅವ್ವನಿಗೆ ಫೋಟೊ ಕಳಿಸಿದೆ. "ಮೆಣಸಿನಕಾಯಿ ಹರವಿದಂಗ ಹರವಿಕೊಂಡಾರಲ್ಲ" ಎಂದಳು.

ನಾವು ಬಿಸಿಲಿಗೆ ಹಚ್ಚುವ ಕ್ರಿಯಾಪದಗಳೂ ಇಲ್ಲಿ ಹೊಂದುವುದಿಲ್ಲ. ನಮ್ಮಲ್ಲಿ ಬಿಸಿಲು ಬೀಳುತ್ತದೆ, ಏರುತ್ತದೆ, ಇಳಿಯುತ್ತದೆ. ಮೇ ಮೊದಲ ವಾರ ಸೂರ್ಯ ನಮ್ಮೂರ ನೆತ್ತಿಯ ಮೇಲೇ ನಿಂತು, ಕಂಬದ ನೆರಳನ್ನು ಕಂಬದ ಬುಡಕ್ಕೆ ಒತ್ತಿಬಿಡುತ್ತಾನೆ. ಅಜ್ಜಿಯ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲುಕೋಲಿನಲ್ಲಿ ಹಿಟ್ಟಿನ ಧೂಳು ಮೇಲೆ ಕೆಳಗೆ ಆಡುತ್ತಿತ್ತು. ನೆಲದ ಮೇಲಿನ ಅದರ ಬಿಲ್ಲೆ ಒರಳಿನ ಹತ್ತಿರ ಸರಿದರೆ ಅಜ್ಜಿ ಎಸರಿಡುತ್ತಿದ್ದಳು. ಗ್ಲಾಸ್ಗೋದ ಡಿಸೆಂಬರಿನಲ್ಲಿ ಸೂರ್ಯ ದಿಗಂತದಿಂದ ಹತ್ತು-ಹನ್ನೊಂದು ಡಿಗ್ರಿಗಿಂತ ಮೇಲೆ ಬರುವುದಿಲ್ಲ. ಬೀಳಲು ಬೇಕಾದ ಎತ್ತರವೇ ಅವನಿಗಿಲ್ಲ. ಹಾಗಾಗಿ ಇಲ್ಲಿ ಬಿಸಿಲು ಅಡ್ಡಡ್ಡಲಾಗಿ ಬರುತ್ತದೆ, ಕಣ್ಣಿಗೆ ಕಣ್ಣು ಕೊಟ್ಟು.

ನನ್ನ ಮನೆ ಹಳೆಯ ಕಲ್ಲುಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದೆ. ಅಡುಗೆಮನೆಯ ಕಿಟಕಿ ದಕ್ಷಿಣಕ್ಕೆ, ಅದರೆದುರು ಬೀದಿಯಾಚೆ ಅಂಥದೇ ಇನ್ನೊಂದು ಕಟ್ಟಡ. ನವೆಂಬರ್ ಮೊದಲ ವಾರ ಸೂರ್ಯ ಆ ಮಾಡಿನ ಹಿಂದೆ ಇಳಿದರೆ ಮತ್ತೆ ಅದರ ಮೇಲೆ ತಲೆ ಹಾಕುವುದು ಫೆಬ್ರವರಿ ಮೊದಲ ವಾರ. ಮೂರು ತಿಂಗಳು ಆ ಕೋಣೆಗೆ ನೇರ ಬಿಸಿಲು ಇಲ್ಲ. ಸೂರಿಗೆ ಹಗ್ಗ ಹಾಕಿ ಮೇಲಕ್ಕೆಳೆಯುವ ಮರದ ಗಳುಗಳ ಮೇಲೆ ಬಟ್ಟೆ ಹರವಿದರೆ ಎರಡು ದಿನಕ್ಕೂ ಟವೆಲ್ಲಿನ ಅಂಚು ತೇವ, ಮುಗ್ಗಲು ವಾಸನೆ. ಒಣಗಿಸುವುದು ಮತ್ತು ಬಿಸಿಲಿಗೆ ಹಾಕುವುದು ಬೇರೆಬೇರೆ ಕೆಲಸ ಎಂದು ಆ ಟವೆಲ್ಲು ಹಿಡಿದಾಗಲೇ ತಿಳಿದದ್ದು.

ಈ ವರ್ಷ ಜನವರಿ ಕೊನೆಗೆ ನಿಂಬೆಹಣ್ಣು ಹೆಚ್ಚಿ, ಉಪ್ಪು ಬೆರೆಸಿ, ಗಾಜಿನ ಬಾಟಲಿಗೆ ತುಂಬಿ ಕಾದೆ. ಫೆಬ್ರವರಿ 6ರ ಮಧ್ಯಾಹ್ನ ಹನ್ನೆರಡೂವರೆ ದಾಟಿರಬೇಕು, ಎದುರಿನ ಮಾಡಿನ ಚಿಮಣಿಗಳ ನಡುವಿನಿಂದ ಬಿಸಿಲು ಒಳಗೆ ಬಂತು. ನೆಲ ಮುಟ್ಟಲಿಲ್ಲ, ನೇರ ಹಿಂದಿನ ಗೋಡೆಗೆ ಹೋಯಿತು, ಬೇಳೆಯ ಡಬ್ಬಿಗಳ ಮೇಲೆ ಅಂಗೈಯಷ್ಟಗಲ. ಬಾಟಲಿಯನ್ನು ಅದರ ದಾರಿಯಲ್ಲಿ ಇಟ್ಟೆ. ಬಿಲ್ಲೆ ಸರಿದಂತೆ ನಾನೂ ಬಾಟಲಿ ಸರಿಸಿದೆ. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಜಾಗ.

ಅವ್ವ ಫೋನಿನಲ್ಲಿದ್ದಳು. "ಬಿಸಿಲಿಗೆ ಇಟ್ಟೇನು?"

"ಇಟ್ಟೀನವ್ವ."

"ಕಾದೈತೇನು ನೋಡು."

ಮುಟ್ಟಿ ನೋಡಿದೆ. ಗಾಜು ತಣ್ಣಗೇ ಇತ್ತು. ಉಪ್ಪುನೀರನ್ನು ದಾಟಿ ಹೋದ ಬೆಳಕು ಹಿಂದಿನ ಗೋಡೆಯ ಮೇಲೆ ಹಳದಿಯಾಗಿ ಅಲುಗುತ್ತಿತ್ತು.