ಕೃಷ್ಣ ಬಾರದ ದ್ರೌಪದಿ

ಇಯರ್‌ಫೋನ್ ಹಾಕ್ಕೊಂಡಿದ್ದೀರಿ ತಾನೇ? ಒಂದು ಮಾತು ಮೊದಲೇ ಹೇಳ್ತೀನಿ. ಇವತ್ತಿನ ಸಂಚಿಕೆಯಲ್ಲಿ ಅತ್ಯಾಚಾರದ ಪ್ರಸ್ತಾಪ ಇದೆ. ಮನಸ್ಸು ಸರಿಯಿಲ್ಲ ಅಂದ್ರೆ ಇನ್ನೊಂದು ದಿನ ಕೇಳಿ.

ಚಿಕ್ಕವನಿದ್ದಾಗ ಅಜ್ಜಿ ಜೊತೆ ಬೆಳಗಿನ ತನಕ ಯಕ್ಷಗಾನ ನೋಡಿದ್ದೆ. ದ್ರೌಪದಿ ವಸ್ತ್ರಾಪಹರಣ. ದ್ರೌಪದಿ ವೇಷ ಹಾಕಿದ್ದು ಗಂಡಸು. ಕೃಷ್ಣನ ಹೆಸರು ಬಂದ ಕೂಡಲೇ ಅಜ್ಜಿ ಕೈ ಮುಗಿದರು. ನಾನು ಕೇಳಿದೆ, "ಅಜ್ಜೀ, ಕೃಷ್ಣ ಬರದೇ ಹೋಗಿದ್ರೆ?" "ಸುಮ್ನೆ ಆಟ ನೋಡು" ಅಂದ್ರು.

ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ಅದೇ ಪ್ರಶ್ನೆಗೆ 1970ರ ದಶಕದಲ್ಲೇ ಒಂದು ಕಥೆ ಬರೆದಿದ್ದರು. ಹೆಸರು ‘ದ್ರೌಪದಿ’. ನಾಯಕಿ ದೋಪ್ದಿ, ನಕ್ಸಲ್ ಹೋರಾಟಕ್ಕಿಳಿದ ಸಂತಾಲ ಹೆಂಗಸು. ಸೈನ್ಯ ಅವಳನ್ನ ಹಿಡಿಯುತ್ತೆ. ಸೇನಾನಾಯಕನ ಅಪ್ಪಣೆಯಂತೆ ರಾತ್ರಿಯಿಡೀ ಅತ್ಯಾಚಾರ ನಡೆಯುತ್ತೆ. ಯಾವ ಕೃಷ್ಣನೂ ಬರೋದಿಲ್ಲ. ಬೆಳಗಾದ ಮೇಲೆ ಬಟ್ಟೆ ಉಡು ಅಂದ್ರೆ ಅವಳು ಉಡೋದಿಲ್ಲ. ಹಾಗೇ ನಡೆದು ಹೋಗಿ ಸೇನಾನಾಯಕನ ಮುಂದೆ ನಿಲ್ಲುತ್ತಾಳೆ. ಕೈಯಲ್ಲಿ ಆಯುಧ ಇಲ್ಲದ ಆ ಹೆಂಗಸನ್ನ ಕಂಡು ಅವನಿಗೆ ಭಯ ಆಗುತ್ತೆ.

ಇದನ್ನ ರಂಗಕ್ಕೆ ತಂದದ್ದು ಮಣಿಪುರದ ನಿರ್ದೇಶಕ ಹೈಸ್ನಾಂ ಕನ್ಹಯ್ಯಲಾಲ್, 2000ನೇ ಇಸವಿಯಲ್ಲಿ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿ, ಓದು ಮುಗಿಸದೆ ಊರಿಗೆ ಬಂದವರು. 1969ರಲ್ಲಿ ಇಂಫಾಲದಲ್ಲಿ ‘ಕಲಾಕ್ಷೇತ್ರ ಮಣಿಪುರ’ ಕಟ್ಟಿದರು. ಅವರ ನಾಟಕಗಳಲ್ಲಿ ಮಾತು ಕಡಿಮೆ. ಉಸಿರು, ನರಳಿಕೆ, ನಡಿಗೆ, ಮೌನ ಇವೇ ಸಂಭಾಷಣೆ. ಮೈಗೆ ನೆನಪಿರೋದನ್ನ ನಟರು ಹೊರಗೆ ತರಬೇಕು, ಅಷ್ಟೆ.

ದ್ರೌಪದಿಯಾದವರು ಅವರ ಹೆಂಡತಿ ಸಾಬಿತ್ರಿ. ಆಗ ವಯಸ್ಸು 50 ದಾಟಿತ್ತು. ಕೊನೆಯ ದೃಶ್ಯದಲ್ಲಿ ದುಶ್ಯಾಸನ ಸೀರೆ ಎಳೆಯೋದಿಲ್ಲ. ಸಾಬಿತ್ರಿಯೇ ಒಂದೊಂದಾಗಿ ಬಟ್ಟೆ ಕಳಚಿ ಸೇನಾನಾಯಕನತ್ತ ಹೆಜ್ಜೆ ಹಾಕ್ತಾರೆ. ಹಿಂದೆ ಸರಿಯೋನು ಅವನು. ನಾಚಿಕೆ ಯಾರಿಗೆ ಸೇರಬೇಕೋ ಅವರಿಗೆ ಸೇರುತ್ತೆ. ಇಂಫಾಲದಲ್ಲಿ ಟೀಕೆ ಜೋರಾಗಿಯೇ ಬಂತು.

ನಾಲ್ಕು ವರ್ಷ ಮುಂದಕ್ಕೆ ಬನ್ನಿ. 2004ರ ಜುಲೈ. ತಾಂಗ್ಜಂ ಮನೋರಮಾ ಅನ್ನೋ ಯುವತಿಯನ್ನ ಅಸ್ಸಾಂ ರೈಫಲ್ಸ್ ಯೋಧರು ರಾತ್ರಿ ಮನೆಯಿಂದ ಕರೆದೊಯ್ದರು. ಮರುದಿನ ಅವಳ ಹೆಣ ಸಿಕ್ಕಿತು. ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ, ಅಂದ್ರೆ ಆ ಪಡೆಯ ನೆಲೆಯೆದುರು, 12 ಹೆಂಗಸರು ಬೆತ್ತಲಾಗಿ ಪ್ರತಿಭಟಿಸಿದರು. ಅವರಲ್ಲಿ ಹಲವರು ವಯಸ್ಸಾದ ತಾಯಂದಿರು.

ನಾನು ಬಿ.ಕಾಂ ಓದಿದವನು. ಎಡಗಡೆ 2000, ಬಲಗಡೆ 2004, ಟ್ಯಾಲಿ ಆಯ್ತು ಅಂತ ಬರೆದುಬಿಡೋ ಆಸೆ ಆಗುತ್ತೆ. ಬೇಡ. ನಾಟಕ ನೋಡಿ ಕಲಿತರು ಅಂದ್ರೆ ಆ ತಾಯಂದಿರಿಗೆ ಅನ್ಯಾಯ. ಅವರ ಸಿಟ್ಟಿಗೆ ಅವರ ಊರಿನ ವರ್ಷಗಳೇ ಸಾಕಿತ್ತು. ಆ ಸಿಟ್ಟು ಸಾಬಿತ್ರಿಯವರ ಮೈಗೂ ಗೊತ್ತಿತ್ತು, ನನಗೆ ಅನ್ನಿಸೋದು ಇಷ್ಟೇ.

ಅದೇ ನವೆಂಬರ್‌ನಲ್ಲಿ ಅಸ್ಸಾಂ ರೈಫಲ್ಸ್ ಕಾಂಗ್ಲಾ ಬಿಟ್ಟುಕೊಟ್ಟಿತು. ಸಾಬಿತ್ರಿಯವರಿಗೆ 2008ರಲ್ಲಿ ಪದ್ಮಶ್ರೀ ಬಂತು.

ಅಜ್ಜಿ ಈಗಿಲ್ಲ. ಇದ್ದಿದ್ರೆ ಈ ಸಂಚಿಕೆ ಅವರಿಗೇ ಮೊದಲು ಕೇಳಿಸ್ತಿದ್ದೆ. ಮುಂದಿನ ವಾರ ಸಿಗೋಣ.